ಖುಲಾಸೆಯಾದರೂ ಮರಳದ ಕೋವಿ



ಕೋವಿಯ ವಿಷಯವೆತ್ತಿದರೆ ಸಭೆಗೆ ಮುಜುಗರವಾಗುವುದು ಸಹಜ. ಆದರೆ ತರೀಕೆರೆಯ ಲಕ್ಕವಳ್ಳಿ ಕಡೆ ಕಾಡಂಚಿನಲ್ಲಿ ಅಡಿಕೆ ತೋಟವಿರುವವನಿಗೆ, ಕಡೂರು, ಅಜ್ಜಂಪುರದ ಬಯಲಿನಲ್ಲಿ ಬಿತ್ತನೆ ಮಾಡಿದವನಿಗೆ ಅದು ಪೌರುಷದ ಗುರುತಲ್ಲ, ಬೆಳೆ ಕಾಯುವ ಸಾಧನ. ಹಂದಿ ಹೊಕ್ಕ ಹೊಲವನ್ನು ಬೆಳಿಗ್ಗೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬೇಲಿಯ ಜಗಳದಲ್ಲೋ ಬೀದಿಯ ಗಲಾಟೆಯಲ್ಲೋ ಒಂದು ಮೊಕದ್ದಮೆ ದಾಖಲಾಗುತ್ತದೆ. ಕೆಳ ನ್ಯಾಯಾಲಯ ಶಿಕ್ಷೆ ವಿಧಿಸುತ್ತದೆ, ಪರವಾನಗಿ ರದ್ದಾಗುತ್ತದೆ, ಕೋವಿ ಠಾಣೆ ಸೇರುತ್ತದೆ. ವರ್ಷಗಳು ಕಳೆದು ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾದರೂ ಕೋವಿ ಮರಳುವುದಿಲ್ಲ. ನಾವೂ ಕೇಳುವುದಿಲ್ಲ. ಒಮ್ಮೆ ಹೆಸರು ಕೆಟ್ಟರೆ ಮುಗಿಯಿತೆಂದು ನಾವೇ ತೀರ್ಪು ಬರೆದುಕೊಂಡಿರುತ್ತೇವೆ. ಕಾನೂನು ಹಾಗೆ ಬರೆದಿಲ್ಲ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಳೆಯ ಶಿಕ್ಷೆಯನ್ನು ದಾಖಲೆಯಿಂದಲೇ ಅಳಿಸಿಹಾಕುವ ವ್ಯವಸ್ಥೆಯಿದೆ; ಹಾಗೆ ಅಳಿಸಿದ ಮೇಲೆ ಬಂದೂಕಿನ ಹಕ್ಕು ಸಾಮಾನ್ಯವಾಗಿ ಮರಳುತ್ತದೆ. ಅಲ್ಲಿ ಅದು ಸಂವಿಧಾನದ ಹಕ್ಕು. ನಮ್ಮಲ್ಲಿ ಅದು ಹಕ್ಕಲ್ಲ, ಪರವಾನಗಿ. ವಯಸ್ಕರ ಶಿಕ್ಷೆಯನ್ನು ಅಳಿಸಿಹಾಕುವ ಅಂತಹ ಸಾಮಾನ್ಯ ಪದ್ಧತಿಯೂ ಇಲ್ಲಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಷೇಧವು ಆಜೀವವಲ್ಲ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಯಾದವನಿಗೆ 9ನೇ ಕಲಮಿನ ನಿಷೇಧವಿರುವುದು ಶಿಕ್ಷೆ ಮುಗಿದ ನಂತರದ 5 ವರ್ಷಗಳ ತನಕ. ಬರೀ ದಂಡ ಕಟ್ಟಿದವನಿಗೆ ಈ ಅಂಶ ಅನ್ವಯಿಸುವುದಿಲ್ಲ. ಶಾಂತಿಪಾಲನೆಯ ಮುಚ್ಚಳಿಕೆ ಬರೆದುಕೊಡಲು ಆದೇಶವಾದವನಿಗೆ ಆ ಮುಚ್ಚಳಿಕೆಯ ಅವಧಿಯಷ್ಟೇ ನಿಷೇಧ. ನಮ್ಮ ಊರುಗಳ ಎಷ್ಟೋ ಯುವಕರು ಈ ಕೊನೆಯ ಗುಂಪಿಗೆ ಸೇರಿದವರು. ಅವಧಿ ತೀರಿ ಹತ್ತು ವರ್ಷಗಳಾದರೂ ತಾವು ಅಪರಾಧಿಗಳೆಂದೇ ನಂಬಿರುತ್ತಾರೆ!

ಇನ್ನೂ ಎರಡು ಬಾಗಿಲುಗಳಿವೆ. 1958ರ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ನೀಡಿ ಅಥವಾ ಸದ್ವರ್ತನೆಯ ಮೇಲೆ ಬಿಡುಗಡೆಯಾದವನಿಗೆ, ದೋಷಿಯೆಂದು ಸಾಬೀತಾದುದರಿಂದ ಉಂಟಾಗುವ ಅನರ್ಹತೆ ತಟ್ಟದೆಂದು ಅದರ 12ನೇ ಕಲಮು ಹೇಳುತ್ತದೆ. ಬಾಲಕನಾಗಿದ್ದಾಗಿನ ತಪ್ಪಿಗೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಇಂಥದೇ ರಕ್ಷಣೆ ನೀಡುತ್ತದೆ, ದಾಖಲೆಗಳನ್ನೂ ನಾಶಪಡಿಸಬೇಕೆನ್ನುತ್ತದೆ. ವಯಸ್ಕನಂತೆ ವಿಚಾರಣೆಗೊಳಗಾದ ಹದಿನಾರು ದಾಟಿದವರಿಗೆ ಮಾತ್ರ ಈ ರಕ್ಷಣೆಯಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪರವಾನಗಿ ರದ್ದುಮಾಡಿದವರು ಯಾರು ಎಂಬುದನ್ನು ಮೊದಲು ನೋಡಬೇಕು. ಶಸ್ತ್ರಾಸ್ತ್ರ ಕಾಯ್ದೆಯಡಿ ಶಿಕ್ಷೆ ವಿಧಿಸಿದ ನ್ಯಾಯಾಲಯವೇ ರದ್ದುಮಾಡಿದ್ದರೆ, ಆ ಶಿಕ್ಷೆ ರದ್ದಾದೊಡನೆ ಪರವಾನಗಿ ರದ್ದತಿಯೂ ಅನೂರ್ಜಿತವಾಗುತ್ತದೆ. 17ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಯಾಗಿ ರದ್ದುಮಾಡಿದ್ದರೆ ಅದು ತಾನಾಗಿ ಬೀಳುವುದಿಲ್ಲ. 18ನೇ ಕಲಮಿನಂತೆ ಮೇಲ್ಮನವಿ ಸಲ್ಲಿಸಬೇಕು, ಇಲ್ಲವೇ ಹೊಸ ಅರ್ಜಿ ಹಾಕಬೇಕು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸುವುದು ಅಧಿಕಾರಿಯ ಕರ್ತವ್ಯ. ಸಾರ್ವಜನಿಕ ಹಿತಕ್ಕೆ ಬಾಧಕವಲ್ಲದಿದ್ದರೆ ಅದನ್ನು ಕೇಳಿ ಪಡೆಯಬಹುದು. ‘ಸಾಹೇಬರು ಆಗುವುದಿಲ್ಲವೆಂದರು’ ಎಂದು ಗುಮಾಸ್ತರ ಮೇಜಿನಿಂದಲೇ ಹಿಂದಿರುಗುವುದು ನಮ್ಮ ಹಳೆಯ ರೋಗ. ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಹಾಕುವುದಾದರೂ ಹೇಗೆ?

ಅರ್ಜಿಯಲ್ಲಿ ಹಳೆಯ ಶಿಕ್ಷೆಯ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ. ಶಿಕ್ಷೆಯಾಗಿತ್ತು, ಇಂಥ ದಿನ ರದ್ದಾಯಿತು ಎಂದು ಬರೆದು ತೀರ್ಪಿನ ದೃಢೀಕೃತ ನಕಲನ್ನು ಲಗತ್ತಿಸಿ. ಮುಚ್ಚಿಟ್ಟು ಪಡೆದ ಪರವಾನಗಿಯನ್ನು ಆ ಒಂದೇ ಕಾರಣಕ್ಕೆ ರದ್ದುಮಾಡಬಹುದು. ಆಗ ನಿರಪರಾಧಿಯೂ ಸುಳ್ಳುಗಾರನಾಗುತ್ತಾನೆ.

ಕಾನೂನು ದಾರಿ ತೆರೆದಿಟ್ಟಿದೆ ಎಂದಮಾತ್ರಕ್ಕೆ ಕೋವಿ ಸಿಕ್ಕೇ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಸಾರ್ವಜನಿಕ ಶಾಂತಿಗಾಗಿ ನಿರಾಕರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಅದು ಇರಬೇಕಾದುದೂ ಹೌದು. ಸಿಟ್ಟಿನ ಮನುಷ್ಯನ ಮನೆಯಲ್ಲಿ ಕೋವಿ ಇರುವುದನ್ನು ಇಲ್ಲಿ ಕುಳಿತ ಯಾವ ತಾಯಿಯೂ ಬಯಸಲಾರಳು. ಪರವಾನಗಿ ಬಂದ ಮಾತ್ರಕ್ಕೆ ಹಂದಿಗೆ ಗುಂಡು ಹೊಡೆಯುವಂತೆಯೂ ಇಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯಡಿ ಅನುಮತಿ ಬೇರೆಯೇ ಬೇಕು.

ಠಾಣೆಯಲ್ಲಿ ಕೋವಿ ಇಟ್ಟವರು ರಸೀದಿಯನ್ನು ಇಂದೇ ಹುಡುಕಿ ತೆಗೆಯಿರಿ. ನಿಗದಿತ ಅವಧಿಯೊಳಗೆ ಹಿಂಪಡೆಯದ ಕೋವಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕೆ ಮೊದಲು ನಿಮಗೊಂದು ನೋಟಿಸು ಬರುತ್ತದೆ. ಬಂದರೆ ಓದದೆ ಮಡಚಿಡಬೇಡಿ. ಅದರಲ್ಲಿ ಉತ್ತರಕ್ಕೆ ಕೊಟ್ಟಿರುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮರುದಿನವೇ ವಕೀಲರನ್ನು ಕಾಣಿರಿ.