ವಸಡಿನ ವೈರಿಗಳ ಜಾತಕ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹಲ್ಲು ಅಲುಗಾಡಿ ಬೀಳುವುದು ವಯೋಧರ್ಮವೆಂದು ನಮ್ಮಲ್ಲಿ ಅನೇಕರ ನಂಬಿಕೆ. ಅದು ಸರಿಯಲ್ಲ. ಬಹುಮಟ್ಟಿಗೆ ಅದು ವಸಡಿನ ರೋಗದ ಫಲ. ಈ ರೋಗ ಮೊದಲು ನೋಯಿಸುವುದಿಲ್ಲ. ಹಲ್ಲುಜ್ಜುವಾಗ ತುಸು ರಕ್ತ ಕಾಣುತ್ತದೆ, ಅಷ್ಟೇ. ನಾವು ಎಚ್ಚರಗೊಳ್ಳುವ ಹೊತ್ತಿಗೆ ಹಲ್ಲನ್ನು ಹಿಡಿದಿರುವ ಎಲುಬೇ ಕರಗಿರುತ್ತದೆ.

1683ರಲ್ಲಿ ಹಾಲೆಂಡಿನ ಅರಿವೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅದರಲ್ಲಿ ಜೀವಿಗಳು ಓಡಾಡುವುದನ್ನು ಕಂಡನು. ಅವುಗಳಲ್ಲಿ ಕಡು ವೈರಿಗಳು ಯಾರು? 1998ರಲ್ಲಿ ಅಮೆರಿಕದ ಸೋಕ್ರಾನ್‌ಸ್ಕಿ ಮತ್ತು ಸಂಗಡಿಗರು ಮೂವರನ್ನು ಗುರುತಿಸಿ ‘ಕೆಂಪು ಕೂಟ’ವೆಂದು ಕರೆದರು.

ಪ್ರತಿಯೊಂದು ಜೀವಿಯ ಬಾಳಿನ ಆದೇಶಗಳೂ ಅದರೊಳಗೇ ನಾಲ್ಕು ಅಕ್ಷರಗಳಲ್ಲಿ ಬರೆದಿರುತ್ತವೆ. ಇದೇ ಜೀನೋಮ್, ಜಾತಕವೆನ್ನೋಣ. ಕೂಟದ ಮುಖಂಡ ಪಾರ್ಫಿರೋಮೊನಾಸ್ ಜಿಂಜಿವ್ಯಾಲಿಸ್‌ನ ಜಾತಕ 2003ರಲ್ಲಿ ಹೊರಬಂತು: ಸುಮಾರು 23 ಲಕ್ಷ ಅಕ್ಷರ. ಇದಕ್ಕೆ ಸಕ್ಕರೆ ಬೇಡ. ಇದರ ಆಹಾರ ಪ್ರೋಟೀನಿನ ತುಣುಕು. ರಕ್ತದ ಕಬ್ಬಿಣವೂ ಇದಕ್ಕೆ ಬೇಕು. ವಸಡು ರಕ್ತ ಸುರಿಸಿದಷ್ಟೂ ಇದಕ್ಕೆ ಹಬ್ಬ!

ಎರಡನೆಯ ವೈರಿ ಟ್ರೆಪೊನೀಮ ಡೆಂಟಿಕೋಲ. ಇದರ ಜಾತಕ 2004ರದು, 28 ಲಕ್ಷ ಅಕ್ಷರ. ಇದರ ದಾಯಾದಿಯಾದ ಸಿಫಿಲಿಸ್ ರೋಗಾಣುವಿಗೆ 11 ಲಕ್ಷವೇ ಸಾಕು. ಏಕೆ? ಪರರ ಮನೆಯಲ್ಲೇ ಉಂಡು ಬಿದ್ದಿರುವವನಿಗೆ ಪಾತ್ರೆಪಡಗ ಬೇಕಿಲ್ಲ. ಬಾಯಿಯಾದರೋ ನೂರಾರು ಜಾತಿಯ ಜೀವಿಗಳು ಕಿಕ್ಕಿರಿದ ಚಾಳು. ಅಲ್ಲಿ ಬದುಕುವವನಿಗೆ ಎಲ್ಲ ಸಾಮಾನೂ ಬೇಕು.

2008ರಲ್ಲಿ ಜಪಾನಿನ ವಿಜ್ಞಾನಿಗಳು ಮುಖಂಡನ ಇನ್ನೊಂದು ಕುಲದ ಜಾತಕ ಬಿಡಿಸಿ ಮೊದಲಿನದರ ಪಕ್ಕದಲ್ಲಿಟ್ಟರು. ಹೆಸರು ಒಂದೇ, ಆದರೆ ಆದೇಶಗಳ ಕ್ರಮ ಬಹಳ ಕದಲಿತ್ತು, ಒಂದರಲ್ಲಿದ್ದ ಅನೇಕ ಜೀನುಗಳು ಇನ್ನೊಂದರಲ್ಲಿರಲಿಲ್ಲ. ಮೊದಲನೆಯದು ಹೆಚ್ಚು ಕ್ರೂರ, ಎರಡನೆಯದು ಕಡಿಮೆ. ಕೇಡಿನ ಮೂಲವೆಲ್ಲಿದೆಯೆಂದು ಹುಡುಕುವುದಕ್ಕೆ ಇಂಥ ಹೋಲಿಕೆಯೇ ದಾರಿ.

ನಮಗೆ ಇದರಿಂದೇನು? ಈ ಜೀವಿಗಳು ಕೊಳೆಯ ಪದರದಲ್ಲಿ ಒಟ್ಟುಗೂಡಿ ಬದುಕುತ್ತವೆ. ಬರಿದೇ ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ರಾತ್ರಿಯ ಪಾಳಿ ಎಷ್ಟು ತಡವಾಗಿ ಮುಗಿದರೂ ಉಜ್ಜದೆ ಮಲಗಬೇಡಿರಿ. ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸಬೇಡಿರಿ; ವೈದ್ಯರಿಗೆ ತೋರಿಸಿರಿ. ಗಟ್ಟಿಯಾದ ಕಿಟ್ಟವನ್ನು ಅವರೇ ತೆಗೆಯಬೇಕು. ಬೀಡಿ ಸೇದುವವರಿಗೆ ಇನ್ನೊಂದು ಮೋಸವುಂಟು: ಹೊಗೆಯಿಂದ ರಕ್ತ ಬರುವುದು ಕಡಿಮೆಯಾಗಿ ರೋಗ ಅಡಗಿರುತ್ತದೆ. ಮಿಶ್ರಿಯೂ ತಂಬಾಕೇ; ಅದು ಹಲ್ಲುಪುಡಿಯಲ್ಲ. ಸಕ್ಕರೆ ರೋಗವಿದ್ದವರು ಇಮ್ಮಡಿ ಎಚ್ಚರವಿರಬೇಕು.

ಇ.ಎಸ್.ಐ. ಚೀಟಿಯುಳ್ಳವರು ಹಲ್ಲು ಕೀಳಿಸುವ ದಿನಕ್ಕೆ ಕಾಯದೆ, ಇರುವ ಹಲ್ಲು ಉಳಿಸಿಕೊಳ್ಳಲು ಇಂದೇ ಹೋಗಿರಿ. ದುಡಿದು ತಂದ ರೊಟ್ಟಿಯನ್ನು ಅಗಿದು ತಿನ್ನುವ ಭಾಗ್ಯ ನಮಗಿರಲಿ.