ಅಮೆರಿಕಾಕ್ಕೆ ಹೋದ ಹೇಮಾವತಿಯ ದಂಡೆ

(ದೀಪಾಂಜಲಿ ನಗರದ ಓದುಗರ ಮುಂದೆ ಆಡಿದ ಮಾತುಗಳ ಬರಹರೂಪ)



ಈ ದೀಪಾಂಜಲಿ ನಗರದ ಹಿರಿಯರನ್ನು "ನಿಮ್ಮೂರು ಯಾವುದು?" ಎಂದು ಕೇಳಿ ನೋಡಿ. ಹಾಸನ, ಮಂಡ್ಯ, ತುಮಕೂರು ಕಡೆಯ ಯಾವುದಾದರೊಂದು ಹಳ್ಳಿಯ ಹೆಸರು ಹೇಳುವವರು ಎಷ್ಟೋ ಮಂದಿ ಸಿಗುತ್ತಾರೆ. ಅವರಲ್ಲಿ ಕೆಲವರ ಮಕ್ಕಳು ಅಮೆರಿಕಾದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳಿದ್ದು ಬಂದ ಅಜ್ಜ ಅಜ್ಜಿಯರನ್ನು "ಹೇಗಿತ್ತು ಅಮೆರಿಕಾ?" ಎಂದು ವಿಚಾರಿಸಿದರೆ, "ರಸ್ತೆ ಬಹಳ ಚೆನ್ನಾಗಿದೆ, ಚಳಿ ಮಾತ್ರ ತಡೆಯೋಕಾಗಲ್ಲ" ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ.

ಎಪ್ಪತ್ತು ದಾಟಿದ ಮೇಲೆ ಅಮೆರಿಕಾ ನೋಡಿ ಬಂದ ಹಿರಿಯರೊಬ್ಬರ ಮಾತು ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಅವರು ಬರೆದ ಪುಸ್ತಕ 1979ರಲ್ಲಿ ಹೊರಬಂತು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬರೆದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್. ಪುಸ್ತಕದ ಹೆಸರು ‘ಅಮೆರಿಕಾದಲ್ಲಿ ಗೊರೂರು’.

ಈ ಹೆಸರಿನ ಸ್ವಾರಸ್ಯವನ್ನು ಗಮನಿಸಬೇಕು. ಕನ್ನಡಿಗರು ಈ ಲೇಖಕರನ್ನು ಪ್ರೀತಿಯಿಂದ ಗೊರೂರರು ಎಂದೇ ಕರೆದರು. ಆದರೆ ‘ಗೊರೂರು’ ಎಂಬುದು ಮೊದಲಿಗೆ ಒಂದು ಊರು. ಹಾಸನ ಜಿಲ್ಲೆಯಲ್ಲಿ ಹೇಮಾವತಿ ನದಿಯ ದಂಡೆಯ ಮೇಲೆ ಯೋಗಾನರಸಿಂಹನ ಗುಡಿಯಿರುವ ಊರು. ಹಾಗಾದರೆ ಅಮೆರಿಕಾಕ್ಕೆ ಹೋದದ್ದು ಒಬ್ಬ ಮನುಷ್ಯನೋ, ಒಂದು ಹಳ್ಳಿಯೋ? ಗೊರೂರರ ಬದುಕು, ಹಾಸ್ಯ, ಪ್ರವಾಸ ಮೂರರ ಗುಟ್ಟೂ ಈ ಪ್ರಶ್ನೆಯಲ್ಲೇ ಅಡಗಿದೆ.

ಅವರು ಹುಟ್ಟಿದ್ದು 1904ರ ಜುಲೈ 4ರಂದು. ಹೈಸ್ಕೂಲಿನಲ್ಲಿದ್ದಾಗಲೇ ಗಾಂಧೀಜಿಯವರ ಕರೆಗೆ ಓಗೊಟ್ಟು ಓದು ಬಿಟ್ಟರು. ಗಾಂಧೀಜಿ ಸ್ಥಾಪಿಸಿದ್ದ ಗುಜರಾತ್ ವಿದ್ಯಾಪೀಠದಲ್ಲಿ ಕಲಿತರು, ಖಾದಿಯ ಕೆಲಸಕ್ಕೆ ನಿಂತರು. ನಮ್ಮ ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಸಿಗುವ ಕೆಂಗೇರಿಯ ಗುರುಕುಲಾಶ್ರಮದಲ್ಲೂ ಕೆಲಕಾಲ ದುಡಿದರು. 1942ರ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡರು. ಹಳ್ಳಿ ಅವರಿಗೆ ಬರವಣಿಗೆಯ ವಸ್ತುವಾಗಿದ್ದಂತೆಯೇ ಸೇವೆಯ ಕ್ಷೇತ್ರವೂ ಆಗಿತ್ತು.

1930ರಲ್ಲಿ ಅವರ ‘ಹಳ್ಳಿಯ ಚಿತ್ರಗಳು’ ಪ್ರಕಟವಾಯಿತು. ಪಟ್ಟಣದವರು ಹಳ್ಳಿಗನನ್ನು ಕಂಡು ನಗುವುದು ಹೊಸದೇನಲ್ಲ. ಬಸ್ಸು ಹತ್ತಲು ತಿಳಿಯದವನು, ಹೋಟೆಲಿನಲ್ಲಿ ತಬ್ಬಿಬ್ಬಾಗುವವನು ನಾಟಕಗಳಲ್ಲೂ ಸಿನಿಮಾಗಳಲ್ಲೂ ನಗೆಯ ಸರಕಾಗಿ ಎಷ್ಟೋ ಸಲ ಬಂದಿದ್ದಾನೆ. ಗೊರೂರರ ನಗೆ ಆ ಬಗೆಯದಲ್ಲ. ಅವರ ಶೀರ್ಷಿಕೆಗಳನ್ನೇ ನೋಡಿ: ‘ನಮ್ಮ ಊರಿನ ರಸಿಕರು’, ‘ನಮ್ಮ ಎಮ್ಮೆಗೆ ಮಾತು ತಿಳಿಯುವುದೆ?’ ಎರಡರಲ್ಲೂ ‘ನಮ್ಮ’ ಎಂಬ ಮಾತಿದೆ. ಹೀಗೆ ಬರೆಯುವವನು ಜಗಲಿಯ ಮೇಲೆ ಎಲ್ಲರ ನಡುವೆ ಕುಳಿತು ನಗುತ್ತಾನೆ. ನಗೆಗೆ ಗುರಿಯಾದವರಲ್ಲಿ ತಾನೂ ಒಬ್ಬ. ‘ಬೆಸ್ತರ ಕರಿಯ’, ‘ಗರುಡಗಂಬದ ದಾಸಯ್ಯ’ ಎಂಬ ಶೀರ್ಷಿಕೆಗಳಲ್ಲಿ ಸಾಮಾನ್ಯ ಜನರ ಹೆಸರೇ ತಲೆಬರಹವಾಗಿ ಗೌರವ ಪಡೆಯಿತು. ಜನಪದ ಗೀತೆಗಳನ್ನು ಸಂಗ್ರಹಿಸಿ ‘ಹಳ್ಳಿಯ ಹಾಡುಗಳು’ ಪ್ರಕಟಿಸಿದ್ದೂ ಇದೇ ಆದರದಿಂದ.

ಹಾಗಾದರೆ ಅವರ ಹಳ್ಳಿಯಲ್ಲಿ ಬರೀ ಸಿಹಿಯೇ? ಜಾತಿ, ಸಾಲ, ಹಗೆತನ ಇರಲಿಲ್ಲವೆ? ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ‘ಭೂತಯ್ಯನ ಮಗ ಅಯ್ಯು’ ಸಾಕು. ಸಿದ್ದಲಿಂಗಯ್ಯನವರು 1974ರಲ್ಲಿ ಚಿತ್ರವಾಗಿಸಿದ್ದು ಗೊರೂರರ ಈ ಕಥೆಯನ್ನೇ. ಊರನ್ನೇ ಹಿಂಡಿದ ಭೂತಯ್ಯನಾಗಿ ಎಂ. ಪಿ. ಶಂಕರ್, ಮಗ ಅಯ್ಯುವಾಗಿ ಲೋಕೇಶ್, ಅವನೆದುರು ಸೆಡ್ಡು ಹೊಡೆದ ಗುಳ್ಳನಾಗಿ ವಿಷ್ಣುವರ್ಧನ್ ಅಭಿನಯಿಸಿದ್ದನ್ನು ನೋಡಿದವರು ಮರೆಯಲಾರರು. ಹಳ್ಳಿಯ ಕೇಡನ್ನು ಬಲ್ಲವರ ನಗೆಯಾದ್ದರಿಂದಲೇ ಗೊರೂರರ ಹಾಸ್ಯಕ್ಕೆ ತೂಕವಿದೆ.

ಹಾಸ್ಯಗಾರ ಪ್ರವಾಸ ಹೊರಟರೆ ಏನಾಗುತ್ತದೆಂಬುದಕ್ಕೆ ಜಗತ್ತಿನಲ್ಲಿ ಪ್ರಸಿದ್ಧ ಉದಾಹರಣೆ ಮಾರ್ಕ್ ಟ್ವೇನ್. ಆತನೂ ನದಿಯ ದಂಡೆಯ ಹುಡುಗ. ಮಿಸಿಸಿಪಿಯಲ್ಲಿ ಹಬೆದೋಣಿ ನಡೆಸಿದವನು. 1867ರಲ್ಲಿ ಯೂರೋಪು ಹಾಗೂ ಪವಿತ್ರ ಭೂಮಿಯನ್ನು ನೋಡಿ ಬಂದು 1869ರಲ್ಲಿ ಪುಸ್ತಕ ಬರೆದು ಹೆಸರಾದ. ಅಲ್ಲಿ ಹೊಸ ದೇಶದವನು ಹಳೆಯ ದೇಶಗಳ ಜಂಬವನ್ನು ಕಂಡು ನಗುತ್ತಾನೆ. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಗೊರೂರರ ದಾರಿ ತಿರುವುಮುರುವಾಯಿತು. ಹಳೆಯ ದೇಶದ ಹಳ್ಳಿಗ ಟ್ವೇನನ ನಾಡಿಗೆ ಹೋದ. ಶಿವರಾಮ ಕಾರಂತ, ವಿ. ಕೃ. ಗೋಕಾಕ, ಎ. ಎನ್. ಮೂರ್ತಿರಾವ್ ಮೊದಲಾದವರೂ ವಿದೇಶ ಪ್ರವಾಸದ ಅನುಭವ ಬರೆದವರೇ. ಗೊರೂರರ ವೈಶಿಷ್ಟ್ಯವೆಂದರೆ ಊರಿನ ಅಳತೆಗೋಲನ್ನು ಜೊತೆಗೇ ಒಯ್ದದ್ದು. ಪರದೇಶದ ವೈಭವಕ್ಕೆ ಬೆರಗಾಗಿ ತನ್ನದನ್ನು ಹಳಿಯುವ ಕೀಳರಿಮೆಯಾಗಲಿ, ಕಂಡದ್ದನ್ನೆಲ್ಲ ಜರಿಯುವ ಒಣಹೆಮ್ಮೆಯಾಗಲಿ ಇಲ್ಲದೆ ನೋಡಲು ಅವರಿಗೆ ಸಾಧ್ಯವಾದದ್ದು ಅದರಿಂದಲೇ.

ಪುಸ್ತಕ ಬಂದ 1979ರಲ್ಲಿಯೇ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ನೀರಾವರಿಯಿಂದ ಸಾವಿರಾರು ರೈತರಿಗೆ ಅನುಕೂಲವಾದುದು ನಿಜ. ಆದರೆ ಹಿನ್ನೀರಿನಲ್ಲಿ ಹಳ್ಳಿಗಳೂ ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಇಂದಿಗೂ ತಲೆಯೆತ್ತುತ್ತವೆ. ಮಣ್ಣಿನ ಗೋಡೆಯ ಮನೆಗಳು ಹಾಗೆ ಎದ್ದು ಬರಲಾರವು. ಅಂಥ ಮನೆಗಳ ಜಗಲಿಯ ಹರಟೆ, ಜಗಳ, ನಗು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಉಳಿಯುತ್ತವೆ. ಹೇಮಾವತಿಯ ದಂಡೆಯ ಬದುಕಿಗೆ ಆ ಭಾಗ್ಯ ಅಣೆಕಟ್ಟಿಗೆ ಅರ್ಧ ಶತಮಾನ ಮೊದಲೇ ಒದಗಿತ್ತು.

1982ರಲ್ಲಿ ಶಿರಸಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಗೊರೂರರಿಗೆ ದೊರೆಯಿತು. 1991ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು.

ನಮ್ಮ ಬಡಾವಣೆಯ ಹಳೆಯ ಮನೆಗಳೂ ಒಂದೊಂದಾಗಿ ಮಹಡಿ ಕಟ್ಟಡಗಳಾಗುತ್ತಿವೆ. ಇಲ್ಲಿಗೆ ಮೊದಲು ಬಂದು ನೆಲೆಸಿದವರ ನೆನಪುಗಳು ನಮ್ಮ ಕಣ್ಣೆದುರಿಗೇ ಮುಳುಗುತ್ತಿವೆ. ಮುಂದಿನ ಸಲ ಮಕ್ಕಳನ್ನು ನೋಡಲು ವಿಮಾನ ಹತ್ತುವ ಅಜ್ಜ ಅಜ್ಜಿಯರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳ ಹೇಗೂ ಇರುತ್ತದೆ. ಜೊತೆಗೊಂದು ನೋಟ್‌ಬುಕ್ಕೂ ಇರಲಿ. ಮೊಮ್ಮಕ್ಕಳು "ಅಜ್ಜಿ, ನಿಮ್ಮೂರು ಹೇಗಿತ್ತು?" ಎಂದು ಕೇಳಿದಾಗ ಹೇಳುವ ಮಾತನ್ನು ಅಂದೇ ಬರೆದಿಟ್ಟರೂ ಸಾಕು.