ದೋಣಿಯ ಬಿರುಕನ್ನು ಅಸಡ್ಡೆ ಮಾಡಬೇಡಿ



ನೇತ್ರಾವತಿ, ಗುರುಪುರ ನದಿಗಳ ಅಳಿವೆ ಬದಿಯಲ್ಲಿ ಕೆಲವರಿಗೆ ಮನೆಯವರೇ ಮಾಡಿದ ಮರದ ದೋಣಿ ಉಂಟು. ಚಿಪ್ಪು ಹೆಕ್ಕಲು, ಮಕ್ಕಳನ್ನು ಆಚೆ ದಡಕ್ಕೆ ಬಿಡಲು ಅದೇ ಆಧಾರ. ತಳ ಬಿರುಕು ಬಿಟ್ಟರೆ “ಸ್ವಲ್ಪ ಡಾಂಬರು ಬಳಿದ್ರೆ ಆಯ್ತು” ಅಂತೇವೆ. ಸಾಲದು. ಒದ್ದೆ ಮರಕ್ಕೆ ಬಳಿದದ್ದು ಹಿಡಿಯುವುದಿಲ್ಲ, ಬಿರುಕು ಬೆಳೆಯುತ್ತಲೇ ಇರುತ್ತದೆ.

ದೋಣಿಯನ್ನು ದಡಕ್ಕೆಳೆದು ನೆರಳಲ್ಲಿ ಒಣಗಿಸಿ. ಕಡು ಬಿಸಿಲಿಗೆ ಹಾಕಿದ್ರೆ ಮತ್ತಷ್ಟು ಸೀಳುತ್ತದೆ. ಬಿರುಕಿನ ಸುತ್ತ ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಮರ ಕುಂಬಾಗಿದೆ; ಆ ಹಲಗೆ ಬದಲಿಸಲೇಬೇಕು. ಗಟ್ಟಿ ಇದ್ದರೆ ಬಿರುಕಿನ ಎರಡೂ ತುದಿಗೆ ಬೈರಿಗೆಯಿಂದ ಸಣ್ಣ ತೂತು ಹಾಕಿಸಿ. ಆಗ ಸೀಳು ಮುಂದೆ ಓಡುವುದಿಲ್ಲ. ಬಿರುಕಿಗೆ ರಾಳ, ಎಣ್ಣೆ ಕಾಯಿಸಿ ಅದ್ದಿದ ಹತ್ತಿನೂಲು ತುಂಬಿ. ತೀರಾ ಬಿಗಿಯಾಗಿ ಜಡಿಯಬೇಡಿ, ನೀರಲ್ಲಿ ಮರ ಉಬ್ಬುತ್ತದೆ. ಒಳಗಿನಿಂದ ಪಟ್ಟಿ ಹಲಗೆ ಕೂರಿಸಿ ತಾಮ್ರದ ಮೊಳೆ ಹೊಡೆಸಿ. ಕಬ್ಬಿಣದ್ದು ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಕೊನೆಗೆ ಗೇರುಸಿಪ್ಪೆ ಎಣ್ಣೆ ಬಳಿಯುವಾಗ ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ.

ಒಂದು ರಾತ್ರಿ ಆಳವಿಲ್ಲದ ನೀರಲ್ಲಿ ಕಟ್ಟಿಡಿ. ಬೆಳಿಗ್ಗೆ ಒಳಗೆ ನೀರಿಲ್ಲದಿದ್ದರೆ ಮಾತ್ರ ಮಕ್ಕಳನ್ನು ಹತ್ತಿಸಿ.

ಆಚಾರಿಯ ಕೂಲಿಗೆ ದುಡ್ಡಿಲ್ಲವೆಂದು ಮುಂದೂಡಬೇಡಿ. ಮುಂದಿನ ವಾರದ ಸಭೆಯಲ್ಲೇ ಸಾಲ ಕೇಳಿ. ನಾವು ಉಳಿತಾಯ ಮಾಡುವುದು ಇಂಥದ್ದಕ್ಕೇ ಅಲ್ವಾ?